ಸಣ್ಣಾಕಿಯ ಪಾಲಿನ ಹಾಲು

ಅಣ್ಣಿಗೇರಿ
೨೪ ನವೆಂಬರ್ ೧೯೮೬

ರೇವಕ್ಕನವರಿಗೆ,

ಈ ಚೀಟಿ ಹಾಲಿನ ಜೊತೆಗೇ ಬರುತ್ತಿದೆ. ತಂದುಕೊಟ್ಟವರು ನಮ್ಮ ಓಣಿಯ ಮಶಾಕಸಾಬರು. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಅವರ ಕೆಲಸ. ದಿನಾ ಬೆಳಗಿನ ಗಾಡಿಗೆ ಹೋಗಿ ಸಂಜೆಯ ಗಾಡಿಗೆ ಬರುತ್ತಾರೆ. ಅವ್ವ ಅವರ ಬಾಗಿಲಿಗೆ ಹೋಗಿ ಕೈ ಮುಗಿದಳಂತೆ. "ನನ್ನ ಊಟದ ಡಬ್ಬಿ ಹೆಂಗೂ ಒಯ್ಯತೀನಿ, ಅದರ ಬಾಜೂಕ ಇದೊಂದು ಕುಂತು ಬರತದ. ಇದಕ್ಕೂ ಕೈ ಮುಗಿಯೂದು ಏನು, ಮಲ್ಲಕ್ಕಾ" ಅಂದರಂತೆ. ದವಾಖಾನೆಯ ತನಕ ನಡೆದು ಬಂದು ನಿಮ್ಮ ಕೈಗೇ ಕೊಡುತ್ತಾರೆ. ಸಂಜೆ ಖಾಲಿ ಬಾಟಲಿಗಳನ್ನೂ ನಿಮ್ಮ ಉತ್ತರವನ್ನೂ ಅವರ ಕೈಯಲ್ಲೇ ಕಳಿಸಿರಿ. ರವಿವಾರ ಅವರಿಗೆ ರಜೆ. ಅಂದು ಇವರು, ನಿಮ್ಮ ತಮ್ಮ, ಬಂದು ಒಯ್ಯುತ್ತಾರೆ.

ಥರ್ಮಾಸಿನಲ್ಲಿ ಸೋಡಾ ಅಂಗಡಿಯ ಬರ್ಫ ತುಂಬಿ ಅದರ ನಡುವೆ ಎರಡು ಬಾಟಲಿ ಇಟ್ಟಿದ್ದೇನೆ. ಕೆಂಪು ದಾರ ಕಟ್ಟಿದ್ದು ದೊಡ್ಡಾಕಿಯದು, ಹಸಿರು ದಾರದ್ದು ಸಣ್ಣಾಕಿಯದು. ಬಲಗಡೆಯ ಹಾಲು ದೊಡ್ಡಾಕಿಗೆ, ಎಡಗಡೆಯದು ಸಣ್ಣಾಕಿಗೆ. ಇದು ಅವ್ವನ ಕಟ್ಟಳೆ. "ಜವಳಿ ಕೂಸುಗೋಳಿಗೆ ಒಂದೊಂದು ಮಲಿ ಅಂತ ಇರತದ. ಒಬ್ಬಾಕಿ ಪಾಲು ಇನ್ನೊಬ್ಬಾಕಿ ಕುಡದರ, ಬಿಟ್ಟಾಕಿ ಸೊರಗತಾಳ" ಅಂದಳು. ಎಮ್.ಎ. ಓದಿ, ಹೈಸ್ಕೂಲಿನಲ್ಲಿ ಹನ್ನೆರಡು ವರ್ಷ ಪದ್ಯ ಪಾಠ ಮಾಡಿದವಳು ನಾನು. ನಗಬೇಕಿತ್ತು. ಹನ್ನೊಂದು ವರ್ಷ ಕಾದು ಹೆತ್ತವಳೂ ನಾನೇ. ಸುಮ್ಮನೆ ದಾರ ಕಟ್ಟಿದೆ.

ಮೊದಲ ಸಲ ಒಂದು ತಾಸು ಹಿಂಡಿದೆ. ಬಟ್ಟಲಿನ ತಳ ಮುಚ್ಚುವಷ್ಟು ಬಂತು. ಕೈ ಸೋತಾಗ ಅವ್ವ ಬಿಸಿನೀರಿನ ಅರಿವೆ ಇಟ್ಟಳು. ಹೊಲಿಗೆಯಲ್ಲಿ ಇನ್ನೂ ಕೀವಿದೆ, ಹೆರಿಗೆಯಲ್ಲಿ ಮೈ ಸೆಟೆದು ಬಂದ ಸೆಳವು ಮತ್ತೆ ಬಂದೀತೆಂದು ಮಂಚ ಇಳಿಯಗೊಡುವುದಿಲ್ಲ. ಏಳು ತಿಂಗಳಿಗೇ ಹುಟ್ಟಿದ ಮಕ್ಕಳನ್ನು ಆ ದವಾಖಾನೆಯಲ್ಲಿ ನಿಮ್ಮ ಕೈಗೆ ಬಿಟ್ಟು ಬಂದು ನಾನು ಇಲ್ಲಿ ಕಿವಿಗೆ ಅರಿವೆ ಕಟ್ಟಿಕೊಂಡು ಕೆಂಡದ ಕಾವಿಗೆ ಮಲಗಿದ್ದೇನೆ.

ಗಾಜಿನ ಪೆಟ್ಟಿಗೆಯಲ್ಲಿ ಅವರನ್ನು ಒಂದೇ ಸಲ ನೋಡಿದ್ದು. ಸಣ್ಣಾಕಿಯ ಎಡಗಿವಿ ಎಲೆಯಂತೆ ಮಡಚಿಕೊಂಡಿತ್ತು. ಅದು ಬಿಚ್ಚಿತೇ? ಬರೆಯಿರಿ.

ನಿಮ್ಮ
ನೀಲಾ


ಹುಬ್ಬಳ್ಳಿ
೨೬ ನವೆಂಬರ್ ೧೯೮೬

ಚಿ. ನೀಲಾಗೆ ರೇವವ್ವನ ಆಶೀರ್ವಾದ.

ಕಿವಿ ಬಿಚ್ಚಿದೆ. ನಿನ್ನೆ ನರ್ಸಬಾಯಿ ಹಗುರಕ್ಕೆ ಬೆರಳಿನಿಂದ ಸವರಿ ತೋರಿಸಿದಳು.

ದೊಡ್ಡಾಕಿ ಹದಿಮೂರುನೂರು ಗ್ರಾಂ, ಸಣ್ಣಾಕಿ ಸಾವಿರದ ಐವತ್ತು. ಹಾಲನ್ನು ಮೂಗಿನ ನಳಿಕೆಯಿಂದ ಹನಿಹನಿಯಾಗಿ ಬಿಡುತ್ತಾರೆ. ನಿನ್ನ ಎರಡು ದಾರ ನೋಡಿ ನರ್ಸಬಾಯಿ ನಕ್ಕಳು. "ಹೊಟ್ಟಿಗೆ ಬಣ್ಣ ಗೊತ್ತಾಗತದೇನು ಅಕ್ಕಾರ?" ಅಂದಳು. ನಾನು ಬಿಡಲಿಲ್ಲ. ಕೆಂಪು ಕೆಂಪಿಗೇ, ಹಸಿರು ಹಸಿರಿಗೇ ಹೋಗುತ್ತದೆ, ಎದುರಿಗೆ ನಿಂತು ನೋಡುತ್ತೇನೆ. ದಿನಕ್ಕೆರಡು ಸಲ ಕೈ ತೊಳೆಸಿ ಒಳಗೆ ಬಿಡುತ್ತಾರೆ. ಪೆಟ್ಟಿಗೆಯ ಕಿಂಡಿಯೊಳಗೆ ಬೆರಳು ಇಟ್ಟರೆ ದೊಡ್ಡಾಕಿ ಹಿಡಿದುಕೊಳ್ಳುತ್ತಾಳೆ. ಸಣ್ಣಾಕಿ ಇನ್ನೂ ಹಿಡಿಯುವುದಿಲ್ಲ.

ನನಗೆ ಪಡಸಾಲೆಯಲ್ಲಿ ಜಾಗ ಸಿಕ್ಕಿದೆ. ಪಕ್ಕದಲ್ಲಿ ದುಮ್ಮವಾಡದ ರಾಜಮಾಬಿ ಇದ್ದಾಳೆ. ಅವಳ ಮೊಮ್ಮಗನೂ ದಿನ ತುಂಬದೆ ಹುಟ್ಟಿ ನಮ್ಮವರ ಬಾಜೂ ಪೆಟ್ಟಿಗೆಯಲ್ಲಿದ್ದಾನೆ. ಸೊಸೆ ರೇಷ್ಮಾಬಿ ಹೆತ್ತ ಮೂರನೆಯ ದಿನ ರಕ್ತ ಹೋಗಿ ತೀರಿಕೊಂಡಳು. ಕೂಸಿಗೆ ಡಬ್ಬಿಯ ಪುಡಿ ಹಾಲು ಕೊಡುತ್ತಾರೆ, ಅದು ದಕ್ಕುತ್ತಿಲ್ಲ. ಇಷ್ಟಾದರೂ ಅವಳ ಬಾಯಿ ಸುಮ್ಮನಿರದು. ನಾನು ಗೋಡೆಯ ಮೇಲಿನ ಬೋರ್ಡುಗಳನ್ನೆಲ್ಲ ಓದುತ್ತಾ ಕೂತದ್ದು ನೋಡಿ, "ಮುಲ್ಕಿ ಪರೀಕ್ಷಾ ಪಾಸಾಗಿ ಏನು ಬಂತ ನಿನಗ? ಎಲ್ಲಾ ರೋಗದ ಹೆಸರು ಓದಿ ಓದಿ ಅಂಜತಿ. ನನಗ ಓದಾಕ ಬರೂದಿಲ್ಲ, ಅಗದಿ ಆರಾಮ ಅದೀನಿ" ಅಂದಳು. ಇಲ್ಲಿಗೆ ಬಂದ ಮೇಲೆ ನಾನು ನಕ್ಕದ್ದು ಅದೊಂದೇ ಸಲ.

ಚೆನ್ನಾಗಿ ಉಣ್ಣು. ನಿನ್ನ ಹೊಟ್ಟೆಯಿಂದಲೇ ಮೂವರು ಉಣ್ಣಬೇಕು.

ಇಂತಿ
ರೇವವ್ವ


ಅಣ್ಣಿಗೇರಿ
೩ ಡಿಸೆಂಬರ್ ೧೯೮೬

ರೇವಕ್ಕನವರಿಗೆ,

ಈಗ ದಿನಕ್ಕೆ ಏಳು ಸಲ ತೆಗೆಯುತ್ತೇನೆ. ಎಡಗಡೆಗಿಂತ ಬಲಗಡೆ ಹೆಚ್ಚು. ಹಸಿರು ದಾರದ ಬಾಟಲಿ ಅರ್ಧಕ್ಕೇ ನಿಂತಾಗ ಸಣ್ಣಾಕಿಗೆ ಏನೋ ಮೋಸ ಮಾಡಿದ ಹಾಗೆನಿಸಿ ಇನ್ನರ್ಧ ತಾಸು ಕೂರುತ್ತೇನೆ. ನಿನ್ನೆ ಎಡಗಡೆ ತೊಟ್ಟು ಸೀಳಿ ಬಟ್ಟಲಿನಲ್ಲಿ ಒಂದು ರಕ್ತದ ಎಳೆ ಬಂತು. ಅದನ್ನು ಚೆಲ್ಲಿ ಮತ್ತೆ ಮೊದಲಿನಿಂದ ತೆಗೆದೆ.

ಪಕ್ಕದ ಮನೆಯ ಕೂಸು ಅತ್ತರೆ ನನ್ನ ಎದೆ ತಾನಾಗಿ ಸೋರುತ್ತದೆ. ಬಟ್ಟಲು ಹಿಡಿಯುವಷ್ಟರಲ್ಲಿ ಸೀರೆ ತೋಯ್ದಿರುತ್ತದೆ. ಅವ್ವ ಅದಕ್ಕೂ ಒಂದು ಉಪಾಯ ಕಂಡುಕೊಂಡಿದ್ದಾಳೆ. ಹಾಲು ತೆಗೆಯುವ ಹೊತ್ತಿಗೆ ಗೋಡೆಯಾಚೆ ಕೂಗಿ, "ಏ ಬೇ, ನಿನ್ನ ಕೂಸಿನ್ನ ಸ್ವಲ್ಪ ಚಿವುಟ" ಅನ್ನುತ್ತಾಳೆ. ಅವರೂ ನಗುತ್ತಾರೆ. ಚಿವುಟುತ್ತಾರೋ ಇಲ್ಲವೋ ತಿಳಿಯದು, ಅಳು ಮಾತ್ರ ಕೇಳಿಸುತ್ತದೆ.

ತಲೆದಿಂಬಿನ ಹತ್ತಿರ ಒಂದು ಕವಿತೆಯ ಪುಸ್ತಕ ಇದೆ. ತೆರೆದರೆ ಅಕ್ಷರಗಳು ಅಕ್ಷರಗಳಾಗಿಯೇ ಉಳಿಯುತ್ತವೆ. ಹದಿಮೂರನೆಯ ದಿನ ದಾಟಿತು, ಹೆಸರಿಡಲಿಲ್ಲ. ಎರಡು ಹೆಸರು ಮನಸ್ಸಿನಲ್ಲಿವೆ. ಬಾಯಿ ಬಿಟ್ಟು ಹೇಳಲು ಭಯ.

ಸಣ್ಣಾಕಿ ನಿಮ್ಮ ಬೆರಳು ಹಿಡಿದಳೇ?

ನೀಲಾ


ಹುಬ್ಬಳ್ಳಿ
೬ ಡಿಸೆಂಬರ್ ೧೯೮೬

ಚಿ. ನೀಲಾ,

ನಿನ್ನೆಯಿಂದ ಸಣ್ಣಾಕಿಯ ಹೊಟ್ಟೆ ಉಬ್ಬಿದೆ. ಡಾಕ್ಟರು ಒಂದು ದಿನ ಹಾಲು ನಿಲ್ಲಿಸಿ ಸಲಾಯಿನ್ ಹಚ್ಚಿದ್ದಾರೆ. ಇಂಥ ಕೂಸುಗಳಿಗೆ ಹೀಗಾಗುತ್ತದೆ, ಇಳಿಯುತ್ತದೆ ಅಂದರು. ನೀನು ಗಾಬರಿಯಾಗಬೇಡ. ಗಾಬರಿಯಾದರೆ ಹಾಲಿಗೆ ಬರುತ್ತದೆ. ದೊಡ್ಡಾಕಿ ನೆಟ್ಟಗಿದ್ದಾಳೆ.

ತಮ್ಮ ಹೊಳೆಪ್ಪನಿಗೆ ಊರಿಗೆ, ಕುಬಿಹಾಳಕ್ಕೆ, ಹೇಳಿ ಕಳಿಸಿದ್ದೇನೆ, ಸುಮ್ಮನೆ, ಬಂದು ಹೋಗಲೆಂದು.

ರೇವವ್ವ


ಹುಬ್ಬಳ್ಳಿ
೯ ಡಿಸೆಂಬರ್ ೧೯೮೬

ನೀಲಾ,

ಈ ಕಾಗದವನ್ನು ನಿನಗೆ ಕಳಿಸುವುದಿಲ್ಲ. ಆದರೂ ನಿನಗೇ ಬರೆಯುತ್ತಿದ್ದೇನೆ. ಇದನ್ನು ಬೇರೆ ಯಾರಿಗೆ ಬರೆಯಲಿ?

ಸಣ್ಣಾಕಿ ಇವತ್ತು ಬೆಳಿಗ್ಗೆ ಹೋದಳು. ಮಶಾಕಸಾಬರು ಹಾಲು ಕೊಟ್ಟು ಅರ್ಧ ತಾಸಾಗಿತ್ತು. ನಾನು ಬಾಟಲಿಗಳನ್ನು ನರ್ಸಬಾಯಿಯ ಕೈಗೆ ಕೊಡಲು ಹೋದರೆ ಅವಳು ಕೆಂಪು ದಾರದ್ದನ್ನಷ್ಟೇ ತೆಗೆದುಕೊಂಡಳು. ಹಸಿರಿನದು ನನ್ನ ಕೈಯಲ್ಲೇ ಉಳಿಯಿತು. ಹಾಗೆ ನನಗೆ ತಿಳಿಯಿತು. ಅವಳು ಬಾಯಿ ಬಿಟ್ಟು ಹೇಳಿದ್ದು ಆಮೇಲೆ.

ಹೊಳೆಪ್ಪ ಟವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಕೂತ. ದಾರಿಯಲ್ಲಿ ಎರಡು ಸಲ ಟವೆಲ್ಲಿನ ತುದಿ ಎತ್ತಿ ನೋಡಿದ. ಭಾರವೇ ಇಲ್ಲವಲ್ಲ, ಒಳಗೆ ಇದ್ದಾಳೋ ಇಲ್ಲವೋ ಎಂದು ನೋಡಿದಂತಿತ್ತು. ರುದ್ರಭೂಮಿಯ ಗೋಡೆಯ ಕಡೆ ಮಣ್ಣು ಮಾಡಿ ಬಂದೆವು. ಇಷ್ಟು ಸಣ್ಣ ಕೂಸಿಗೆ ಯಾವ ಕಾರ್ಯವೂ ಇಲ್ಲವಂತೆ. ಹೆಸರು ಕೇಳಿದರು. ಇಲ್ಲ ಅಂದೆವು.

ತಿರುಗಿ ಬರುವಾಗ ಹೊಳೆಪ್ಪ, "ಅಕ್ಕಾ, ಆಕಿಗೆ ಹೆಂಗ ಹೇಳೂದು?" ಅಂದ.

"ಹೇಳೂದ ಬ್ಯಾಡ" ಅಂದವಳು ನಾನೇ, ನೀಲಾ. ಇದನ್ನು ಅವನ ಮೇಲಾಗಲಿ ನಿನ್ನ ತಾಯಿಯ ಮೇಲಾಗಲಿ ಹಾಕಬೇಡ. ನಮ್ಮೂರಿನ ದುರ್ಗವ್ವನನ್ನು ನಾನು ನೋಡಿದ್ದೇನೆ. ಗಂಡ ಸತ್ತ ಸುದ್ದಿ ಬಂದ ದಿನವೇ ಅವಳ ಎದೆ ಬತ್ತಿ, ಮೂರು ತಿಂಗಳ ಕೂಸು ಮಳೆಗಾಲ ದಾಟಲಿಲ್ಲ. ದೊಡ್ಡಾಕಿ ಇನ್ನೂ ಹದಿನಾಲ್ಕುನೂರು ಗ್ರಾಂ. ನಿನ್ನ ಹಾಲು ನಿಂತರೆ ಅವಳಿಗೂ ಆ ಪುಡಿಯೇ. ಅವಳು ಮನೆಗೆ ಬರುವ ತನಕ ಅಷ್ಟೇ, ಅಂದೆ. ಹೊಳೆಪ್ಪ ಅಣ್ಣಿಗೇರಿಗೆ ಹೋಗಿದ್ದಾನೆ, ನಿನ್ನ ತಾಯಿಗೆ ಮಾತ್ರ ಹೇಳಲು. ಮಶಾಕಸಾಬರಿಗೂ ತಿಳಿದಿದೆ. ಅವರು ಖಾಲಿ ಥರ್ಮಾಸ್ ತೆಗೆದುಕೊಂಡು ಹೋದರು.

ಹಸಿರು ದಾರದ ಬಾಟಲಿಯ ಹಾಲನ್ನು ದವಾಖಾನೆಯ ಹಿತ್ತಲ ಬೇವಿನ ಬುಡಕ್ಕೆ ಹಾಕಿ, ಬಾಟಲಿ ತೊಳೆದು, ಥರ್ಮಾಸಿನೊಳಗೆ ಇಟ್ಟು ಕಳಿಸಿದೆ.

ರೇವವ್ವ


ಹುಬ್ಬಳ್ಳಿ
೧೦ ಡಿಸೆಂಬರ್ ೧೯೮೬

ಚಿ. ನೀಲಾ,

ಹೊಟ್ಟೆ ಉಬ್ಬರ ಇಳಿದಿದೆ. ಇನ್ನು ಕಾಳಜಿ ಬೇಡ. ಹಾಲು ಕಡಿಮೆ ಮಾಡಬೇಡ, ಎರಡೂ ಬಾಟಲಿ ಕಳಿಸು.

ರೇವವ್ವ


ಅಣ್ಣಿಗೇರಿ
೧೧ ಡಿಸೆಂಬರ್ ೧೯೮೬

ರೇವಕ್ಕನವರಿಗೆ,

ನಿಮ್ಮ ಎರಡು ಸಾಲು ಓದಿ ಐದು ದಿನದ ಮೇಲೆ ಅನ್ನ ಸೇರಿತು. ನಿನ್ನೆ ಸಂಜೆ ಮಶಾಕಸಾಬರನ್ನು ಕಿಡಕಿಯಿಂದಲೇ ಕೇಳಿದೆ, "ಇಬ್ಬರೂ ಕುಡದರೇನ್ರಿ?" ಎಂದು. ಅವರು ಥರ್ಮಾಸಿನ ಮುಚ್ಚಳ ತೆರೆದು ತೋರಿಸಿದರು. "ಎರಡೂ ಖಾಲಿ ಅದಾವ ನೋಡವ್ವಾ" ಅಂದು ಹೊರಟೇ ಹೋದರು. ಎಂದಿನಂತೆ ಚಹಾಕ್ಕೂ ನಿಲ್ಲಲಿಲ್ಲ. ಅವರಿಗೂ ಮೈ ಸರಿಯಿಲ್ಲವೋ ಏನೋ.

ಇವರು ಮೊನ್ನೆ ಬಂದಿದ್ದರು. ಬಾಣಂತಿಯ ಕೋಣೆಯ ಹೊಸ್ತಿಲಲ್ಲಿ ನಿಂತು ನನ್ನ ಕಾಲುಗಳನ್ನು ನೋಡಿ ಹೋದರು. ಅವ್ವನಿಗೆ ಹೊಗೆಯಿಂದ ಕಣ್ಣು ಬಾತಿದೆ. ಲೋಬಾನ ಹಾಕುವಾಗ ಕೆಂಡದ ಮೇಲೆ ಬಗ್ಗಿ ಎಷ್ಟೋ ಹೊತ್ತು ಹಾಗೇ ಇರುತ್ತಾಳೆ. ಅಜಿವಾನದ ಕಷಾಯ, ಬೆಳ್ಳುಳ್ಳಿ, ಅಂಟಿನ ಉಂಡಿ, ಯಾವುದನ್ನೂ ಬೇಡ ಅನ್ನದೆ ತಿನ್ನುತ್ತಿದ್ದೇನೆ. ನೋಡಿ, ನಿನ್ನೆಯಿಂದ ಎಡಗಡೆಯೂ ತುಂಬಿ ಬರುತ್ತಿದೆ. ಹಸಿರು ದಾರದ ಬಾಟಲಿ ಕುತ್ತಿಗೆಯ ತನಕ ತುಂಬಿದೆ. ಸಣ್ಣಾಕಿಗೆ ಹೇಳಿ.

ನೀಲಾ


ಹುಬ್ಬಳ್ಳಿ
೧೪ ಡಿಸೆಂಬರ್ ೧೯೮೬

ನೀಲಾ,

ಇದೂ ಕಳಿಸದೆ ನನ್ನ ಟ್ರಂಕಿನಲ್ಲಿ ಉಳಿಯುವ ಕಾಗದವೇ.

ಬೇವಿನ ಬುಡಕ್ಕೆ ಮೂರು ದಿನ ಹಾಕಿದೆ. ನಾಲ್ಕನೆಯ ದಿನ ನರ್ಸಬಾಯಿ ನೋಡಿ ಸಿಟ್ಟಾದಳು. "ಅದ್ಯಾಕ ಚಲ್ಲತೀರಿ? ದೊಡ್ಡಾಕಿಗೆ ಒಂದು ಬಾಟ್ಲಿನ ಹೆಚ್ಚಾಗತದ. ಆ ಗಂಡು ಕೂಸು ಪುಡಿ ಹಾಲಿಗೆ ಭೇದಿ ಹತ್ತಿ ಸಾಯಾಕತ್ತದ, ಅದಕ್ಕರ ಕೊಡ್ರಿ."

ಥರ್ಮಾಸ್ ಹಿಡಿದು ರಾಜಮಾಬಿಯ ಹತ್ತಿರ ಹೋದೆ. ಅವಳು ಬಾಟಲಿಯನ್ನು ಕಣ್ಣು ತುಂಬ ನೋಡಿದಳು. ಮುಟ್ಟಲಿಲ್ಲ. "ಆ ತಾಯಿನ್ನ ಕೇಳೀರೇನು?" ಅಂದಳು.

"ಕೇಳೂದೇನೈತಿ, ಚಲ್ಲೂ ಹಾಲು" ಅಂದೆ.

"ಹಾಲು ನೀರಲ್ಲ ರೇವಕ್ಕಾ. ಇದನ್ನ ಕುಡದಾಂವ ಆಕಿಗೆ ಮಗಾ ಆಗತಾನ, ಆಕಿ ಮಗಳಿಗೆ ತಮ್ಮ. ನಮ್ಮೊಳಗ ಹೆಸರ ಕೇಳದ, ಹೂಂ ಅನಸದ ಯಾರ ಹಾಲೂ ಕುಡಸೂದಿಲ್ಲ. ಈಗಷ್ಟ ಕೂಸು ಕಳಕೊಂಡ ಹೊಟ್ಟಿ ಅದು. ನೀ ಚೀಟಿ ಬರಿ. ಆಕಿ ಹೂಂ ಅಂದರ ಕುಡಸೂಣು. ಇಲ್ಲಂದ್ರ ಅಲ್ಲಾ ಇಟ್ಟಂಗ."

ನಿನಗೆ ಎಲ್ಲ ತಿಳಿದಿದೆ ಎಂದೇ ಅವಳ ನಂಬಿಕೆ. ಅವಳು ಹೇಳಿದಳು, ನಾನು ಬರೆದೆ: 'ನಿಮ್ಮ ಸಣ್ಣ ಕೂಸು ಹೋದದ್ದಕ್ಕೆ ನನ್ನ ಕರುಳೂ ಸುಟ್ಟಿದೆ. ಆ ಪಾಲಿನ ಹಾಲು ನನ್ನ ಮೊಮ್ಮಗನಿಗೆ ಕೊಡಲು ನಿಮ್ಮ ಒಪ್ಪಿಗೆ ಬೇಕು.' ಬರೆದ ಹಾಳೆ ಇದೇ ಟ್ರಂಕಿನಲ್ಲಿದೆ. ಅದನ್ನು ನಿನಗೆ ಹೇಗೆ ಕಳಿಸಲಿ?

ಒಂದು ಹಗಲು ಒಂದು ರಾತ್ರಿ ಅವಳು ಉತ್ತರಕ್ಕೆ ಕಾದಳು. ಪೆಟ್ಟಿಗೆಯೊಳಗೆ ಹುಡುಗನ ಬಾಯಿ ಒಣಗಿ ತುಟಿಗಳ ಮೇಲೆ ಬಿಳಿ ಪೊರೆ ಬಂದಿತ್ತು. ನಿನ್ನೆ ಬೆಳಿಗ್ಗೆ ಥರ್ಮಾಸಿನ ಜೊತೆ ನಿನ್ನ ಚೀಟಿ ಬಂತು. ಅದರಲ್ಲಿ ನೀನು ಬರ್ಫ ತುಟ್ಟಿಯಾದದ್ದನ್ನೂ ನಿನ್ನ ಅವ್ವನ ಕೆಮ್ಮನ್ನೂ ಬರೆದಿದ್ದೆ. ನಾನು ಅದನ್ನೇ ಬಿಚ್ಚಿ, ನಿನ್ನ ಅಕ್ಷರಗಳ ಮೇಲೆ ಬೆರಳಾಡಿಸುತ್ತಾ, ಇಲ್ಲದ್ದನ್ನು ಓದಿ ಹೇಳಿದೆ: 'ರಾಜಮಾಬಿಯವರೆ, ನಿಮ್ಮ ಮೊಮ್ಮಗನಿಗೆ ನನ್ನ ಹಾಲು ಕುಡಿಸಿರಿ. ಅವನೂ ನನ್ನ ಮಗನೇ.'

ಅವಳು, "ಆಕಿ ಹೆಸರು ಎಲ್ಲಿ ಬರದಾಳ, ತೋರಸು" ಅಂದಳು. ತೋರಿಸಿದೆ. ನಿನ್ನ ಸಹಿಯನ್ನು ಕಣ್ಣಿಗೆ ಒತ್ತಿಕೊಂಡಳು.

ಈ ಹೊತ್ತು ಹುಡುಗನ ಭೇದಿ ನಿಂತಿದೆ. ಓದಲು ಬಾರದವಳ ಮುಂದೆ ಸುಳ್ಳು ಓದಿದೆ, ಓದಬಲ್ಲವಳಿಗೆ ಸುಳ್ಳು ಬರೆಯುತ್ತಿದ್ದೇನೆ. ಶಿವನಿಗೆ ಯಾವುದಕ್ಕೆ ಉತ್ತರ ಕೊಡಲಿ?

ರೇವವ್ವ


ಅಣ್ಣಿಗೇರಿ
೨೩ ಡಿಸೆಂಬರ್ ೧೯೮೬

ರೇವಕ್ಕನವರಿಗೆ,

ನಲವತ್ತು ದಿನ ಕಳೆದವು. ನನ್ನನ್ನು ಕರೆದುಕೊಂಡು ಹೋಗಿರೆಂದು ಇವರನ್ನು ಕೇಳಿದೆ. ಹೊಲಿಗೆ ಮತ್ತೆ ಬಿಚ್ಚಿದೆಯಲ್ಲ, ಆಗದು ಅಂದರು. ಅವ್ವ ಆಣೆ ಇಟ್ಟಳು. ನನ್ನ ಮಕ್ಕಳನ್ನು ನೋಡಲು ಹೋಗುತ್ತೇನೆಂದರೆ ಎಲ್ಲರೂ ನಾನು ಬಾವಿಯ ಕಡೆ ನಡೆದಂತೆ ಓಡಿ ಬರುತ್ತಾರೆ.

ನೀವು ದೊಡ್ಡಾಕಿಯ ಬಗ್ಗೆ ಅರ್ಧ ಪುಟ ಬರೆಯುತ್ತೀರಿ. ಚಮಚದಿಂದ ಕುಡಿಯಲು ಕಲಿತದ್ದು, ಸೀನಿದ್ದು, ನಿಮ್ಮ ದನಿಗೆ ಕತ್ತು ತಿರುಗಿಸಿದ್ದು. ಸಣ್ಣಾಕಿಗೆ ಒಂದೇ ಸಾಲು. 'ಹಾಗೇ ಇದ್ದಾಳೆ.' ಹಾಗೆ ಎಂದರೆ ಹೇಗೆ ಅಕ್ಕಾ?

ನೀಲಾ


ಹುಬ್ಬಳ್ಳಿ
೨೪ ಡಿಸೆಂಬರ್ ೧೯೮೬

ಚಿ. ನೀಲಾ,

ವಾರ್ಡಿನಲ್ಲಿ ಕೆಮ್ಮು ನೆಗಡಿ ಹಬ್ಬಿದೆ. ಹೊರಗಿನಿಂದ ಬಂದವರನ್ನು ಒಳಗೆ ಬಿಡುವುದಿಲ್ಲ. ನೀನು ಬಂದರೂ ಬಾಗಿಲಲ್ಲೇ ನಿಲ್ಲಬೇಕು. ದೊಡ್ಡಾಕಿ ಹದಿನಾರುನೂರು ಮುಟ್ಟಲಿ. ಸಣ್ಣಾಕಿಗೆ ಈಗ ಯಾವ ತ್ರಾಸೂ ಇಲ್ಲ.

ರೇವವ್ವ


ಅಣ್ಣಿಗೇರಿ
೧೮ ಜನವರಿ ೧೯೮೭, ರವಿವಾರ

ರೇವವ್ವನವರಿಗೆ,

ಇಂದು ಹನ್ನೊಂದು ಗಂಟೆಯ ಸುಮಾರಿಗೆ ಒಬ್ಬ ಹೆಣ್ಣುಮಗಳು ನಮ್ಮ ಬಾಗಿಲಿಗೆ ಬಂದಳು. ಕೈಯಲ್ಲಿ ಶಾಲು ಸುತ್ತಿದ ಕೂಸು, ಹೆಗಲಲ್ಲಿ ಒಂದು ಚೀಲ. ಇವರು ಹಾಲು ತೆಗೆದುಕೊಂಡು ಬೆಳಗಿನ ಗಾಡಿಗೇ ಹೋಗಿದ್ದರು. ಅವ್ವ ಹಿತ್ತಲಲ್ಲಿದ್ದಳು. ಬಾಗಿಲು ತೆರೆದದ್ದು ನಾನೇ.

"ನೀಲವ್ವಾರು ನೀವ ಏನ್ರಿ? ಮಶಾಕಸಾಬರ ಓಣಿ ಕೇಳಕೋತ ಬಂದೆ. ನಾ ದುಮ್ಮವಾಡದ ರಾಜಮಾಬಿ. ಇಂವ ನನ್ನ ಮೊಮ್ಮಗ. ನಿನ್ನೆ ದವಾಖಾನಿಯಿಂದ ಮನಿಗೆ ಬಿಟ್ಟರು. ಊರು ಮುಟ್ಟೂಕಿಂತ ಮೊದಲ ಹಾಲು ಕೊಟ್ಟ ತಾಯಿಗೆ ತೋರಿಸಿ ಹೋಗೂಣು ಅಂತ ಬಂದೆ." ಚೀಲದಿಂದ ಒಂದು ಕುಪ್ಪಸದ ಖಣ, ಒಂದು ಡಜನ್ ಬಳೆ, ಸಕ್ಕರೆ, ಖಜೂರಿ ತೆಗೆದು ಹೊಸ್ತಿಲ ಮೇಲಿಟ್ಟಳು. ನಿಮ್ಮ ಕಾಗದದ ರಾಜಮಾಬಿ ಎಂದು ಗುರುತು ಹತ್ತಿತು, ಹಾಲಿನ ಮಾತನ್ನು ಏನೋ ತಪ್ಪು ತಿಳಿದು ಬಂದಿದ್ದಾಳೆಂದು ನಾನು ನಗುತ್ತಿದ್ದೆ.

ಅವಳು ಹೇಳಿದಳು: "ನಿಮ್ಮ ಸಣ್ಣಾಕಿ ಹೋದ ಮ್ಯಾಲೂ ಆಕಿ ಪಾಲಿನ ಹಾಲು ಇವಂಗ ಕಳಿಸಿದ್ರಿ. ನಾನಾಗಿದ್ದರ ನನ್ನ ಕೈಲೆ ಆಗತಿದ್ದಿಲ್ಲ. ಚೀಟಿನೂ ಬರದಿದ್ರಿ, ಅವನೂ ನನ್ನ ಮಗನ ಅಂತ. ರೇವಕ್ಕ ಓದಿ ಹೇಳಿದ್ಲು."

ಹಿಂದಿನಿಂದ ಅವ್ವ ಓಡಿ ಬಂದಳು. "ಏ ಬೇ, ಸುಮ್ಮನಿರ..." ಅಂದವಳು ಅರ್ಧಕ್ಕೇ ನಿಂತಳು. ನಾನು ಬಾಗಿಲ ಚೌಕಟ್ಟು ಹಿಡಿದಿದ್ದೆ. ಅವ್ವನ ಮುಖ ನೋಡಿದೆ. ಆಮೇಲೆ ಯಾರೂ ನನಗೆ ಏನೂ ಹೇಳಬೇಕಾಗಿರಲಿಲ್ಲ.

ರಾಜಮಾಬಿಗೂ ಏನೋ ತಿಳಿಯಿತು. ಕೂಸನ್ನು ಅವಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. "ಯಾಕವ್ವಾ? ಚೀಟಿ ನೀವ ಬರದಿದ್ದಿರಿ, ಹೌದಿಲ್ಲ? ಇಂವ ಕೇಳದ ಹಾಲು ಕುಡದಿಲ್ಲಲ್ಲ?"

ನಾನು "ಹೌದ್ರಿ, ನಾನ ಬರದಿದ್ದೆ" ಅಂದೆ.

ಅವಳು ಕೂಸನ್ನು ನನ್ನ ಮಡಿಲಿಗೆ ಹಾಕಿದಳು. ಅದು ಎಡಗಡೆಗೆ ಮುಖ ಹೊರಳಿಸಿ ಬಾಯಿಂದ ಹುಡುಕಿತು. ಕೊಟ್ಟೆ. ಹಿಡಿದುಕೊಂಡಿತು. ನಾನು ಹೆತ್ತು ಅರವತ್ತೊಂಬತ್ತು ದಿನವಾಯಿತು, ನನ್ನ ಎದೆಗೆ ಬಾಯಿ ಇಟ್ಟ ಮೊದಲ ಕೂಸು ಅದು. ಹಾಗೆ ಎಳೆದರೆ ಹೇಗಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ಅವಳು ಹೋದ ಮೇಲೆ ಅವ್ವ ತಾರೀಖು ಹೇಳಿದಳು. ಡಿಸೆಂಬರ್ ಒಂಬತ್ತು. ನಲವತ್ತು ದಿನ. ಆ ದಿನಗಳಲ್ಲೇ ಅಲ್ಲವೇ ನಾನು, ಎಡಗಡೆ ತುಂಬಿ ಬರುತ್ತಿದೆ, ಸಣ್ಣಾಕಿಗೆ ಹೇಳಿ ಎಂದು ಬರೆದದ್ದು? ನೀವು ಅದನ್ನು ಓದಿ ಮಡಚಿ ಇಟ್ಟಿರಿ.

ಗೊತ್ತಾದರೆ ಹಾಲು ಬತ್ತುತ್ತದೆಂದು ಮುಚ್ಚಿಟ್ಟಿರಂತೆ. ಬತ್ತಲಿಲ್ಲ. ಅವ್ವ ಹೇಳಿ ಮುಗಿಸುವಷ್ಟರಲ್ಲಿ ನನ್ನ ಕುಪ್ಪಸ ಎರಡೂ ಕಡೆ ತೋಯ್ದಿತ್ತು. ಇದನ್ನು ಬರೆಯುವಾಗಲೂ ತೋಯುತ್ತಿದೆ. ನಾನು ಅಳುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಬರುತ್ತಲೇ ಇದೆ. ಬತ್ತಿದ್ದರೆ ನಿಮ್ಮನ್ನು ಕ್ಷಮಿಸುತ್ತಿದ್ದೆನೇನೋ.

ಇಂದೇ ಹೊರಟಿದ್ದೆ. ಓಣಿ ದಾಟುವಷ್ಟರಲ್ಲಿ ಹೊಲಿಗೆಯ ನೋವಿಗೆ ಕುಸಿದೆ. ನಾಳೆ ಬೆಳಗಿನ ಹಾಲನ್ನೂ ಈ ಚೀಟಿಯನ್ನೂ ಮಶಾಕಸಾಬರು ತರುತ್ತಾರೆ. ಮಧ್ಯಾಹ್ನದ ಗಾಡಿಗೆ ನಾನು ಬರುತ್ತೇನೆ. ಆಗ ನೀವು ಅಲ್ಲಿ ಇರಕೂಡದು.

ನೀಲಾಂಬಿಕಾ


ಕುಬಿಹಾಳ
೨೩ ಜನವರಿ ೧೯೮೭

ನೀಲಾ,

ನೀನು ಬಂದಾಗ ನಾನು ಹೋಗಿರಲಿಲ್ಲ. ಗೇಟಿನಾಚೆ ಚಹಾದ ಅಂಗಡಿಯ ಮರೆಯಲ್ಲಿ ನಿಂತಿದ್ದೆ. ಹೊಳೆಪ್ಪನ ತೋಳು ಹಿಡಿದು, ಹೊಟ್ಟೆ ಅವಚಿಕೊಂಡು, ಮೆಟ್ಟಿಲಿಗೊಮ್ಮೆ ನಿಂತು ನಿಂತು ನೀನು ಹತ್ತಿದೆ. ನೀನು ಒಳಗೆ ಹೋದದ್ದನ್ನು ನೋಡಿ ಬಸ್ಸು ಹತ್ತಿದೆ.

ಟ್ರಂಕಿನಲ್ಲಿದ್ದ ಎರಡು ಕಾಗದಗಳನ್ನೂ ರಾಜಮಾಬಿ ಹೇಳಿ ಬರೆಸಿದ ಹಾಳೆಯನ್ನೂ ಇದರೊಳಗೆ ಇಟ್ಟಿದ್ದೇನೆ. ಓದಿದರೆ ಓದು, ಸುಟ್ಟರೆ ಸುಡು. ಸಣ್ಣಾಕಿಯನ್ನು ಎಲ್ಲಿ ಇಟ್ಟೆವೆಂಬುದು ಅದರಲ್ಲಿದೆ. ಕ್ಷಮಿಸು ಎಂದು ಬರೆಯುವುದಿಲ್ಲ. ಹಾಲು ಬತ್ತಲಿಲ್ಲವೆಂದು ತಿಳಿದ ಮೇಲೆ ನಾನು ಮಾಡಿದ್ದಕ್ಕೆ ಯಾವ ಅರ್ಥವೂ ಉಳಿಯಲಿಲ್ಲ. ಅವಳು ಹೋದ ದಿನವೇ ನೀನು ಅವಳಿಗಾಗಿ ಅಳಬಹುದಾಗಿತ್ತು. ಆ ನಲವತ್ತು ದಿನವನ್ನು ನಾನು ಎಲ್ಲಿಂದ ತಂದುಕೊಡಲಿ?

ದೊಡ್ಡಾಕಿಯ ಬಗ್ಗೆ ಒಂದು ಮಾತು ಮಾತ್ರ. ಅವಳಿಗೆ ಚಮಚ ಕೆಳದುಟಿಯ ಮೇಲೆ ಇಡಬೇಕು, ಒಳಗೆ ಸುರಿಯಬಾರದು. ಅವಳೇ ನಾಲಿಗೆ ಚಾಚಿ ಎಳೆದುಕೊಳ್ಳುತ್ತಾಳೆ. ಮೂರು ಚಮಚಕ್ಕೊಮ್ಮೆ ನಿಲ್ಲಬೇಕು. ಹುಬ್ಬು ಗಂಟಿಕ್ಕಿದರೆ ಉಸಿರು ಸೋತಿದೆ ಎಂದು ಅರ್ಥ. ಆಗ ಎತ್ತಿ ಹಿಡಿದು ಬೆನ್ನು ಸವರು.

ರೇವವ್ವ


ಅಣ್ಣಿಗೇರಿ
೫ ಫೆಬ್ರುವರಿ ೧೯೮೭

ರೇವವ್ವನವರಿಗೆ,

ಇದನ್ನು ಇವರ ಕೈಯಲ್ಲಿ ಕಳಿಸುತ್ತಿದ್ದೇನೆ. ಅಂಚೆಗೆ ಹಾಕಿ ಕಾಯುವಷ್ಟು ಹೊತ್ತಿಲ್ಲ.

ನೀವು ಹೋದ ಮೇಲೆ ದವಾಖಾನೆಯಲ್ಲಿ ದೊಡ್ಡಾಕಿಗೆ ನರ್ಸಬಾಯಿ ಕುಡಿಸುತ್ತಿದ್ದಳು, ಆರು ದಿನದ ಹಿಂದೆ ಅವಳನ್ನು ಮನೆಗೆ ಬಿಟ್ಟರು. ಎದೆಗೆ ಹಚ್ಚಿದರೆ ಬಾಯಿ ಮುಚ್ಚಿ ಕತ್ತು ಹೊರಳಿಸುತ್ತಾಳೆ. ರಾಜಮಾಬಿಯ ಮೊಮ್ಮಗನಿಗೆ ಗೊತ್ತಿದ್ದದ್ದು ಇವಳಿಗೆ ಗೊತ್ತಿಲ್ಲ. ಚಮಚದಲ್ಲಿ ನೀವು ಬರೆದಂತೆಯೇ ಮಾಡಿದೆ. ಕೆಳದುಟಿಯ ಮೇಲಿಟ್ಟೆ, ಮೂರಕ್ಕೊಮ್ಮೆ ನಿಂತೆ. ಹುಬ್ಬು ಗಂಟಿಕ್ಕಿದ್ದು ನನಗೆ ಕಾಣುವಷ್ಟರಲ್ಲಿ ಅವಳು ಕೆಮ್ಮಿ ತುಟಿ ನೀಲಿಯಾಗಿರುತ್ತದೆ. ಅವ್ವ ಹಿಡಿದರೂ ಅಷ್ಟೇ. ನಿನ್ನೆ ಎರಡು ಸಲ ಹಾಗಾಯಿತು. ಹುಬ್ಬಳ್ಳಿಗೆ ಒಯ್ದೆವು. ನಿಮ್ಮ ನರ್ಸಬಾಯಿ ಕುಡಿಸಿ ನೋಡಿ, "ಒಂದು ತಿಂಗಳು ಕುಡಿಸಿದ ಕೈ ಯಾವುದು, ಅದನ್ನ ಕರಸ್ರಿ. ಇಲ್ಲಾಂದ್ರ ಮತ್ತ ಮೂಗಿನ ನಳಿಕಿನ ಗತಿ" ಅಂದಳು. ಹದಿನೆಂಟುನೂರು ಇದ್ದವಳು ಹದಿನಾರುನೂರೆಪ್ಪತ್ತಕ್ಕೆ ಇಳಿದಿದ್ದಾಳೆ.

ನಿಮ್ಮ ಎರಡು ಕಾಗದ ಓದಿದೆ. ಅದರಿಂದ ಏನೂ ಬದಲಾಗಲಿಲ್ಲ. ಬದಲಾಗುತ್ತದೆಂದು ನಾನೂ ಕಾದೆ.

ಹಾಲು ಈಗಲೂ ಮೊದಲಿನಷ್ಟೇ ಬರುತ್ತಿದೆ. ಬಟ್ಟಲಿಗೆ ತೆಗೆದು ಬಾಗಿಲ ಹೊರಗೆ ಇಡುತ್ತೇನೆ. ನೀವು ನಡುಮನೆಯಲ್ಲಿ ಕೂತು ಕುಡಿಸಿರಿ. ನಾನು ಕೋಣೆಯಲ್ಲಿರುತ್ತೇನೆ, ನಡುವೆ ಬಾಗಿಲು ಮುಚ್ಚಿರುತ್ತದೆ. ಅವಳೊಡನೆ ಎಷ್ಟು ಬೇಕಾದರೂ ಮಾತಾಡಿ, ನಿಮ್ಮ ದನಿಗೆ ಅವಳು ಬಾಯಿ ತೆರೆಯುತ್ತಾಳಂತೆ. ನನ್ನೊಡನೆ ಮಾತಾಡಬೇಡಿ.

ಇವರ ಜೊತೆಗೇ ಹೊರಟು ಬನ್ನಿ. ಬೆಳಗಿನಿಂದ ಅವಳ ಹೊಟ್ಟೆಗೆ ಹೋದದ್ದು ನಾಲ್ಕು ಚಮಚ.

ನೀಲಾಂಬಿಕಾ